ಹೆಂಟಿಗೆ ಹಿಂಡಿದ ನಿಂಬಿಹಣ್ಣು

ಶಕ್ತಿನಗರದಾಗ ಒಬ್ಬ ಇಂಜಿನಿಯರ್ ಸಾಹೇಬರ ಮನಿ ಮುಂದಿನ ಹುಲ್ಲು ನೋಡಿಕೊಳ್ಳೋದು ನನ್ನ ಕೆಲಸ. ಒಂದಿನ ನಾ ಹೋಗೋದ್ರಾಗ ಸಾಹೇಬರು ಒಂದು ಚೀಲ ಸುಣ್ಣ ತರಿಸಿಟ್ಟಿದ್ರು.

"ಹುಲ್ಲು ಹಳದಿ ಆಗ್ಯಾದ. ಮಣ್ಣು ಹುಳಿ ಆಗಿದ್ರ ಸುಣ್ಣ ಹಾಕಬೇಕಂತ, ವಿಡಿಯೋದಾಗ ನೋಡೀನಿ," ಅಂದ್ರು. ನನಗೂ ತೋರಿಸಿದ್ರು. ವಿಡಿಯೋದಾಗಿನ ಮನಿ ಹಿಂದ ಮಂಜಿನ ಗುಡ್ಡ ಇತ್ತು.

ನಮ್ಮ ಕಡಿ ಮಣ್ಣಿಗೆ ಸುಣ್ಣ ಹಾಕಿದ್ರ ಹುಲ್ಲು ಇನ್ನಷ್ಟು ಹಳದಿ ಆಗ್ತದ, ಆಮ್ಯಾಲ ಹೆಸರು ಕೆಡೋದು ನಂದೇ. ನಾ ವಾದ ಮಾಡಲಿಲ್ಲ. "ಯವ್ವಾ, ಒಂದು ನಿಂಬಿಹಣ್ಣು ಕೊಡ್ರಿ," ಅಂತ ಸಾಹೇಬರ ತಾಯಿಗೆ ಕೇಳಿದೆ. ಒಣ ಮಣ್ಣಿನ ಹೆಂಟಿ ಅಂಗೈಯಾಗ ಇಟ್ಟು ರಸ ಹಿಂಡಿದೆ. ಹೆಂಟಿ ಸೋಡಾದಂಗ ಚುಯ್ ಅಂತ ನೊರಿ ಬಿಟ್ಟಿತು.

"ಸುಣ್ಣಕ್ಕ ಹುಳಿ ಬಿದ್ರ ಹಿಂಗ ನೊರಿ ಬರ್ತದ್ರೀ. ನಮ್ಮ ಮಣ್ಣಾಗ ಸುಣ್ಣ ಮೊದಲೇ ಹೆಚ್ಚು."

ಸಾಹೇಬರು ಬಗ್ಗಿ ನೋಡಿದ್ರು. "ಇದನ್ನ ಎಲ್ಲಿ ಕಲ್ತಿಯವ್ವಾ?"

"ಗಿಲ್ಲೆಸುಗೂರಾಗ, ನಮ್ಮವ್ವನ ಹೊಲದಾಗ್ರೀ," ಅಂದೆ, ಎದಿ ಉಬ್ಬಿಸಿ.

ತಿಪ್ಪಿಗೊಬ್ಬರ ಹಾಕಿ, ಬೇರಿನಾಗ ನಿಲ್ಲತಿದ್ದ ನೀರು ಕಡಿಮಿ ಮಾಡಿದೆ. ಹುಲ್ಲು ಹಸಿರಾತು. ಸುಣ್ಣ ಕಂಪೌಂಡ್ ಗೋಡಿಗೆ ಬಳದೆ.

ಈಗ ಮನಿಗೆ ಯಾರರ ಬಂದ್ರ ಸಾಹೇಬರು ತಾವೇ ನಿಂಬಿಹಣ್ಣು ತಂದು ಹೆಂಟಿ ಮ್ಯಾಲ ಹಿಂಡಿ ತೋರಸ್ತಾರ. ಬಂದವರಿಗೆ ಶರಬತ್ತು ಮಾತ್ರ ಇನ್ನೂ ಸಿಕ್ಕಿಲ್ಲ.