ಚೆಲ್ಲೋ ಹುಡುಗಿಯೂ ದೊಡ್ಡಪ್ಪನ ನಾಲಿಗೆಯೂ

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಅದೂ ಹೆಸರಿಗೆ. ಅವರು ಸೀನಿದರೆ ನಾವು ಬೆಚ್ಚಿಬೀಳಬೇಕು. ಒಂದು ವರ್ಷ ಆ ಮನೆಗೆ ಕೆನಡಾದಿಂದ ಒಬ್ಬ ಹುಡುಗಿ ಬಂದಳು, ಚೆಲ್ಲೋ ನುಡಿಸುವವಳು. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಕ್ಕ, ಕುರ್ಚಿಯಲ್ಲಿ ಕೂತು ನೆಲಕ್ಕೂರಿಕೊಂಡು ನುಡಿಸಬೇಕು. ಅದೇ ತಿಂಗಳು ಮೈಸೂರಿನಿಂದ ನನ್ನ ದೊಡ್ಡಪ್ಪ ವಿಸಿಟರ್ ವೀಸಾದಲ್ಲಿ ಬಂದಿಳಿದರು. ಅಂಚೆ ಇಲಾಖೆಯಲ್ಲಿ ದುಡಿದದ್ದು ಹೊಟ್ಟೆಪಾಡಿಗೆ. ಮಿಕ್ಕ ಆಯುಷ್ಯವನ್ನೆಲ್ಲ ಅವರು ಕಳೆದದ್ದು ಸಂಗೀತ ಸಭೆಗಳ ಮೊದಲ ಸಾಲಿನಲ್ಲಿ.

ಅವಳು ದಿನಾ ಬೆಳಿಗ್ಗೆ ಒಂದೇ ತುಣುಕನ್ನು ಅಭ್ಯಾಸ ಮಾಡುತ್ತಿದ್ದಳು. ದೊಡ್ಡಪ್ಪ ಕಾಫಿ ಲೋಟ ಹಿಡಿದು ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದರು. ಬೆರಳು ಮಡಚಿ ತಾಳ ಹುಡುಕಿದರು. ಮೊದಲು ಏಳು ಸಿಕ್ಕಿತು, ಆಮೇಲೆ ಐದು, ಆಮೇಲೆ ಏನೂ ಇಲ್ಲ. ಯಾರೋ ಈ ಹುಡುಗಿಗೆ ತಾಳ ಹೇಳಿಕೊಡದೆ ಮೋಸ ಮಾಡಿದ್ದಾರೆ ಎಂದು ಗೋಡೆಯ ಮೇಲೇ ಸಿಟ್ಟಾದರು. ಎರಡನೆಯ ವಾರ ನೋಡಿದರೆ ಸ್ನಾನದ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದಾರೆ! ನಾನು ಕೇಳಿಸಿಕೊಂಡದ್ದು ಗೊತ್ತಾಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡರು.

ಒಂದು ದಿನ ಅವಳು ನಮ್ಮನ್ನು ರೆಕಾರ್ಡಿಂಗಿಗೆ ಕರೆದಳು. ಅವಳ ನಾಲ್ವರ ತಂಡ ಕೆನಡಾದ ಹೊಸಬರ ಕೃತಿಗಳ ಸಿಡಿ ಮಾಡುತ್ತಿತ್ತು. ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಚರ್ಚಿನಲ್ಲಿ, ಕೇಳುಗರನ್ನು ಕೂರಿಸಿಕೊಂಡೇ ನುಡಿಸುವುದಂತೆ. ಕೊನೆಯ ಕೃತಿಯಲ್ಲಿ ಅವಳೊಬ್ಬಳೇ ನುಡಿಸುವ ಮೂರು ನಿಮಿಷವಿತ್ತು, ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳಿಸುತ್ತಿದ್ದದ್ದು ಅದೇ. ಅದನ್ನು ಬರೆದ ಹೆಂಗಸಿಗೆ ಇವಳ ನುಡಿಸಾಣಿಕೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. ಅವತ್ತೂ ಆಗದಿದ್ದರೆ ಆ ಕೃತಿಯನ್ನೇ ಸಿಡಿಯಿಂದ ಕೈಬಿಡುತ್ತಾರೆ ಎಂದಳು. ಹೇಳುವಾಗ ಅವಳ ಬೆರಳು ನೋಡಿದೆ, ಉಗುರನ್ನೆಲ್ಲ ಕಚ್ಚಿ ಮುಗಿಸಿದ್ದಳು.

ದೊಡ್ಡಪ್ಪನಿಗೆ ಮೂರು ದಿನ ಪಾಠ ಮಾಡಿದೆ. ಚಪ್ಪಾಳೆ ಇಲ್ಲ, ತೊಡೆ ತಟ್ಟುವ ಹಾಗಿಲ್ಲ, ಭೇಷ್ ಅನ್ನುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಉಸಿರಾದರೂ ಬಿಡಬಹುದೇನಮ್ಮ ಎಂದು ಕೇಳಿದರು. ಸುಮ್ಮನಿರಿ ಅಂತ ರೇಗಿದೆ. ನಿಜ ಹೇಳಬೇಕೆಂದರೆ, ಅವರನ್ನು ಕರೆದುಕೊಂಡು ಹೋಗುವುದಕ್ಕೇ ನನಗೆ ನಾಚಿಕೆಯಾಗುತ್ತಿತ್ತು.

ಚರ್ಚಿನಲ್ಲಿ ನಲವತ್ತು ಜನರಿದ್ದರೇನೋ. ಬೇಡ ಬೇಡವೆಂದರೂ ದೊಡ್ಡಪ್ಪ ಮೊದಲ ಸಾಲಿನಲ್ಲೇ ಹೋಗಿ ಕೂತರು. ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ರೆಕಾರ್ಡಿಂಗ್ ಮಾಡುವವನು ಹೆಡ್‌ಫೋನ್ ಹಾಕಿಕೊಂಡು, ಹೀಥ್ರೋದ ಒಂದು ವಿಮಾನ ಹೋಗಿ ಇನ್ನೊಂದು ಬರುವುದರೊಳಗೆ ಶುರುಮಾಡಿಸುತ್ತಿದ್ದ. ಹೇಗೋ ಕೊನೆಯ ಕೃತಿ ಬಂತು, ಅವಳೊಬ್ಬಳ ಮೂರು ನಿಮಿಷವೂ ಬಂತು. ಸ್ವರ ಮೆಲ್ಲಗೆ ಇಳಿಯುತ್ತಾ ಬಂದು, ತಳ ಮುಟ್ಟುವ ಮೊದಲೇ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ದೊಡ್ಡಪ್ಪ ತಲೆಯನ್ನು ಆ ಕಡೆ ಈ ಕಡೆ ಆಡಿಸಿ, ನಾಲಿಗೆಯಲ್ಲಿ ತ್ಚ್ ತ್ಚ್ ಎಂದು ಲೊಚಗುಟ್ಟಿದರು.

ರೆಕಾರ್ಡಿಂಗಿನವನು ಕೈಯೆತ್ತಿ ನಿಲ್ಲಿಸಿದ. ಕೋಣೆ ಬೆಚ್ಚಗಿಡುವ ರೇಡಿಯೇಟರ್ ಸದ್ದು ಮಾಡುತ್ತಿದೆ ಎಂದು ಅದನ್ನು ಆರಿಸಿ ಬಂದ. ಎರಡನೆಯ ಸಲ ನುಡಿಸಿದಾಗ ಅದೇ ಜಾಗದಲ್ಲಿ ಮತ್ತೆ ತ್ಚ್ ತ್ಚ್. ಈಗ ಅವನು ಮೊಣಕಾಲೂರಿ ಒಂದೊಂದೇ ವೈರು ಎಳೆದು ನೋಡತೊಡಗಿದ. ದೊಡ್ಡಪ್ಪನಿಗೆ ಅದು ತಮ್ಮದೇ ಸದ್ದೆಂಬ ಅರಿವೂ ಇಲ್ಲ. ಪಾಪ, ಮೈಕು ಹಳೆಯದಿರಬೇಕು ಎಂದು ನನ್ನ ಕಿವಿಯಲ್ಲಿ ಮರುಗಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಹುಡುಗಿ ಕಮಾನನ್ನು ಮಡಿಲಲ್ಲಿಟ್ಟಳು. ಕಣ್ಣು ತುಂಬಿತ್ತು. ಸದ್ದು ಮೈಕಿನದಲ್ಲ, ಆ ಹಿರಿಯರದು, ಎರಡು ಸಲವೂ ತಲೆಯಾಡಿಸಿ ಬೇಡವೆಂದರು, ಅವರಿಗೂ ಇದು ಹಿಡಿಸಲಿಲ್ಲ ಎಂದಳು.

ನಲವತ್ತು ಜನರೆದುರು ನಾನು ಎದ್ದು ನಿಲ್ಲಬೇಕಾಯಿತು. ನಮ್ಮ ಕಡೆ ಅದು ಬೇಡ ಅನ್ನುವುದಲ್ಲ, ಹಾಗೆ ಮಾಡಿಸಿಕೊಳ್ಳಬೇಕೆಂದೇ ಕಲಾವಿದರು ಕಾಯುತ್ತಾರೆ, ಈ ಮನುಷ್ಯ ಅಷ್ಟು ಸುಲಭಕ್ಕೆ ಅದನ್ನು ಕೊಡುವವರೂ ಅಲ್ಲ ಎಂದೆ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಇಲ್ಲಿಯವರಿಗೆ ಅದು ಹೇಗೆ ಕಾಣುತ್ತದೆಂದು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಆ ಮಗೂನ ಅಳಿಸಿದ್ನಾ ನಾನು?"

ಮೂರನೆಯ ಸಲಕ್ಕೆ ಅವರೇ ತಯಾರಾದರು. ಎರಡು ಕೈಯನ್ನೂ ತೊಡೆಯಡಿ ಹಾಕಿಕೊಂಡರು, ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿಕೊಂಡು ಕಲ್ಲಿನಂತೆ ಕೂತರು. ಆ ಜಾಗ ಬಂತು, ಹೋಯಿತು, ಒಂದಿಷ್ಟೂ ಸದ್ದಿಲ್ಲ. ಹುಡುಗಿಯೇ ನಿಲ್ಲಿಸಿಬಿಟ್ಟಳು. ಈ ಸಲ ಯಾಕೆ ಮಾಡಲಿಲ್ಲ, ಚೆನ್ನಾಗಿರಲಿಲ್ಲವೇ ಎಂದು ನನ್ನನ್ನು ಕೇಳಿದಳು.

ದೊಡ್ಡಪ್ಪ ಪೆಪ್ಪರ್‌ಮಿಂಟನ್ನು ಕರ್ಚೀಫಿಗೆ ತೆಗೆದಿಟ್ಟು ಯೋಚಿಸಿದರು. "ಹೋದ್ಸಲದಷ್ಟು ಇರ್ಲಿಲ್ಲ ಅಂತ ಹೇಳಮ್ಮ. ಹೆದರ್ಕೊಂಡು ನುಡಿಸಿದ್ಲು. ಬೆಳಿಗ್ಗೆ ಯಾರೂ ಕೇಳ್ತಿಲ್ಲ ಅಂದ್ಕೊಂಡು ನುಡಿಸ್ತಾಳಲ್ಲ, ಹಾಗೆ ನುಡಿಸ್ಲಿ."

ಹಾಳು ಬಾಯಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಕೃತಿ ಬರೆದ ಹೆಂಗಸು ರೆಕಾರ್ಡಿಂಗಿನವನ ಪಕ್ಕದಿಂದ, ಆರು ವಾರದಿಂದ ನಾನೂ ಅದನ್ನೇ ಬಡಿದುಕೊಳ್ಳುತ್ತಿದ್ದೇನೆ ಎಂದರು. ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು.

ಐದು ಗಂಟೆಗೆ ಯೋಗ ತರಗತಿಯವರಿಗೆ ಜಾಗ ಬಿಡಬೇಕಿತ್ತು. ಆಗಲೇ ಬಾಗಿಲಲ್ಲಿ ನಾಲ್ಕೈದು ಹೆಂಗಸರು ಚಾಪೆ ಸುತ್ತಿ ಹಿಡಿದು ಇಣುಕುತ್ತಿದ್ದರು. ಇದೇ ಕೊನೆಯ ಸಲವೆಂದು ರೆಕಾರ್ಡಿಂಗಿನವನು ಹೇಳಿದ. ಹುಡುಗಿ ಕಣ್ಣುಮುಚ್ಚಿ ಶುರುಮಾಡಿದಳು. ಈ ಸಲ ಅವಳಿಗೆ ನಾವು ಯಾರೂ ಬೇಕಿರಲಿಲ್ಲ. ಸ್ವರ ಇಳಿಯಿತು, ಇನ್ನೂ ಇಳಿಯಿತು, ನಿಂತಿತು. ನನ್ನ ಎದೆಯೊಳಗೆ ಏನೋ ಕಳಚಿ ಬಿದ್ದಂತಾಯಿತು.

ತ್ಚ್!

ಸರ್ರನೆ ದೊಡ್ಡಪ್ಪನ ಕಡೆ ತಿರುಗಿದೆ. ಅವರು ಎರಡು ತುಟಿಯನ್ನೂ ಬೆರಳಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ರೆಕಾರ್ಡಿಂಗಿನವನೂ ನನ್ನನ್ನೇ ನೋಡುತ್ತಿದ್ದ. ಅವನ ಕೈ ಮೇಲೇಳುವ ಮೊದಲೇ ಕೃತಿ ಬರೆದ ಹೆಂಗಸು ಅದನ್ನು ಹಿಡಿದು ಕೆಳಗಿಳಿಸಿದರು. ಹುಡುಗಿ ಕೊನೆಯವರೆಗೂ ನುಡಿಸಿದಳು.

ಸಿಡಿಯಲ್ಲಿ ಅದು ಹಾಗೆಯೇ ಬಂದಿದೆ. ದೊಡ್ಡಪ್ಪ ಒಂದು ಪ್ರತಿಯನ್ನು ಮೈಸೂರಿಗೆ ಒಯ್ದು, ಮನೆಗೆ ಬಂದವರಿಗೆಲ್ಲ ಆ ಜಾಗ ಕೇಳಿಸಿ, ಸದ್ದು ತಮ್ಮದೆಂದು ಹೇಳಿಕೊಳ್ಳುತ್ತಿದ್ದರಂತೆ. ಫೋನಿನಲ್ಲಿ ವಿಚಾರಿಸಿದರೆ, "ಲಂಡನ್ನಲ್ಲಿ ನಿನ್ನ ಮರ್ಯಾದೆ ಉಳೀಲಿ ಅಂತ ಕಣೇ" ಎಂದರು.

ನಾನು ಹೇಳಿದೆ: "ಬೇಡ ದೊಡ್ಡಪ್ಪ. ಅದಕ್ಕೆ ನನ್ನ ಹೆಸರೇ ಹೇಳಿ."