ಹೊಡೆದುಹಾಕಿದ ದಾಸಿಯ ಮಾತು

ಆರು ವರ್ಷದ ಹಿಂದೆ ಮೂಡಿಗೆರೆಯ ಚರ್ಚಾಕೂಟದಲ್ಲಿ ನನಗೆ ಬೆಳ್ಳಿ ಪದಕ ತಂದುಕೊಟ್ಟ ವಾದ ನನ್ನದಲ್ಲ. ಅದು ನನ್ನ ಅಕ್ಕ ಜಾನಕಿಯದು. ಕದ್ದೆ — ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಇದು ನಿಮ್ಮದೇನಾ ಎಂದು ಸಭೆಯಲ್ಲಿ ಪ್ರಶ್ನೆ ಬಂದಾಗ, ಅವಳಿಗೆ ಕೇಳುವಂತೆಯೇ, ನನ್ನದೇ ಎಂದೆ.

ಭಾವ ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಸುತ್ತಲಿನ ತೋಟಗಳ ಗುಮಾಸ್ತರೂ ಪೇಟೆಯ ಅಂಗಡಿಯವರೂ ಸೇರಿ ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಭಾವನ ಮುಂದಾಳತ್ವದಲ್ಲಿ ಅದೇ ಒಂದು ಹಳೆಯ ರಾಜನಾಟಕ ಆಡುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ಅದರಿಂದ ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ಹಾಳೆಗೆ ಇಳಿಸಿಕೊಡುವ ಕೆಲಸ ಅಕ್ಕನದು, ಅವಳ ಅಕ್ಷರ ದುಂಡಗಿತ್ತು ಎಂಬ ಕಾರಣಕ್ಕೆ. ರಾಜನಿಗೆ ರಾಜನ ಮಾತು, ಮಂತ್ರಿಗೆ ಮಂತ್ರಿಯ ಮಾತು. ಇಡೀ ನಾಟಕವನ್ನು ಗಮನವಿಟ್ಟು ಓದಿದವಳು ಅವಳೊಬ್ಬಳೇ. ಇದು ಯಾರಿಗೂ ಹೊಳೆದಿರಲಿಲ್ಲ — ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ರಜಕ್ಕೆ ಬಂದಿದ್ದ ನನಗೂ.

ಕಥೆ ಇಷ್ಟು: ರಾಜನ ಮುದ್ರೆಯುಂಗುರ ತೋರಿಸಿ ಯಾರೋ ಕೋಟೆಯ ಬಾಗಿಲು ತೆಗೆಸುತ್ತಾರೆ, ಶತ್ರು ಒಳನುಗ್ಗುತ್ತಾನೆ. ಉಂಗುರ ತನ್ನ ಬೆರಳಲ್ಲೇ ಇತ್ತು, ಮಲಗಿದ್ದಾಗ ರಾಣಿ ತೆಗೆದಳು ಎನ್ನುತ್ತಾನೆ ರಾಜ. ತುಂಬಿದ ಸಭೆಯಲ್ಲಿ ರಾಣಿ ಬಾಯಿ ಬಿಡುವುದಿಲ್ಲ. ಶಿಕ್ಷೆಯಾಗುತ್ತದೆ. ಜವಳಿ ಅಂಗಡಿಯ ಶೇಷಪ್ಪ ಮೀಸೆ ಬೋಳಿಸಿಕೊಂಡು ರಾಣಿಯಾಗಿ, ತಪ್ಪಿತಸ್ಥೆಯಂತೆ ತಲೆ ತಗ್ಗಿಸಿ ಬಿಕ್ಕುತ್ತಿದ್ದ.

"ಶೇಷಪ್ಪನವರು ಯಾಕೆ ಅಷ್ಟು ಅಳ್ತಾರೆ? ಮೀಸೆ ಹೋಯ್ತು ಅಂತಲಾ?" ಎಂದಳು ಅಕ್ಕ, ಒಂದು ಮಧ್ಯಾಹ್ನ ಬರೆಯುತ್ತ.

"ತಪ್ಪು ಮಾಡಿದವಳು ಅಳದೆ ನಗ್ತಾಳಾ?"

"ಅವಳು ಮಾಡಿಲ್ಲ ಮಾರಾಯ. ಇಲ್ಲಿ ನೋಡು."

ಮೊದಲ ಅಂಕದಲ್ಲಿ ದಾಸಿಗೆ ಒಂದು ಸಾಲಿತ್ತು. ಆ ರಾತ್ರಿ ಔತಣವಾದ ಮೇಲೆ ದೊರೆಯ ಕೈಗೆ ನೀರು ಹಾಕಿ ಬಂದವಳು, ಬೆರಳಲ್ಲಿ ಉಂಗುರವಿರಲಿಲ್ಲ, ಅದರ ಬಿಳಿ ಗುರುತಷ್ಟೇ ಇತ್ತು ಎಂದು ಇನ್ನೊಬ್ಬಳಿಗೆ ಹೇಳುತ್ತಾಳೆ. ಬೇಗ ಕತ್ತಿವರಸೆಗೆ ಹೋಗಬೇಕೆಂದು ಭಾವ ಆ ಸಾಲನ್ನು ಹೆಂಗಸರ ಹರಟೆ ಎಂದು ಹೊಡೆದುಹಾಕಿದ್ದರು.

"ಮಲಗೋಕೆ ಮುಂಚೇನೇ ಉಂಗುರ ಹೋಗಿತ್ತು. ಔತಣದಲ್ಲಿ ಕುಡಿದು ತಾನೇ ಯಾರಿಗೋ ಕೊಟ್ಟಿದ್ದಾನೆ. ರಾಣಿಗೆ ಗೊತ್ತು. ಸಭೆಯಲ್ಲಿ ಹೇಳಿದರೆ ಅವನ ಮಾನ ಹೋಗ್ತದೆ, ಸೈನ್ಯ ಕೈಬಿಡ್ತದೆ. ಅದಕ್ಕೇ ಸುಮ್ಮನಿದ್ದಾಳೆ." ಆಮೇಲೆ, ಮಸಿ ಒಣಗಲೆಂದು ಹಾಳೆ ಊದುತ್ತ ಹೇಳಿದಳು: "ಕೈಗೆ ನೀರು ಹಾಕೋಳಿಗೆ ಬೆರಳು ಕಾಣ್ತದೆ. ಹಾಕಿಸ್ಕೊಳ್ಳೋರಿಗೆ ಅವಳ ಮುಖಾನೂ ಕಾಣೋದಿಲ್ಲ."

ನಾಟಕವಾದ ವಾರಕ್ಕೆ ಮೂಡಿಗೆರೆಯಲ್ಲಿ ಚರ್ಚೆ: ರಾಣಿ ಅಪರಾಧಿಯೇ? ಅಧ್ಯಕ್ಷರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಆಲ್ದೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಲು ಒಬ್ಬ ಉಪಾಧ್ಯಾಯಿನಿಯನ್ನು ಹುಡುಕುತ್ತಿದ್ದರು. ಆ ಸುದ್ದಿ ಕೇಳಿದಂದಿನಿಂದ ಅಕ್ಕನಿಗೆ ಅದೇ ಆಸೆ. ಭಾವ ಖಂಡಿತ ಬೇಡ ಎಂದವರಲ್ಲ. "ಅಧ್ಯಕ್ಷರು ತಾವಾಗಿ ಕರೆದರೆ ನೋಡೋಣ" ಎಂದಿದ್ದರು. ಇದು ನನಗೆ ಗೊತ್ತಿತ್ತು. ಪೂರ್ತಿ ಗೊತ್ತಿತ್ತು.

ಹೆಂಗಸರು ಹಿಂದೆ ಬಿದಿರ ತಟ್ಟಿಯ ಮರೆಯಲ್ಲಿ ಕೂತಿದ್ದರು. ಹತ್ತು ನಿಮಿಷ ಮಾತಾಡಿದೆ. ದಾಸಿಯ ಸಾಲು, ಬೆರಳಿನ ಗುರುತು, ಮೌನವೆಂದರೆ ತಪ್ಪೊಪ್ಪಿಗೆಯಲ್ಲ ಎಂಬ ತೀರ್ಮಾನ — ಅವಳ ಮಾತನ್ನೇ ತರ್ಕದ ಭಾಷೆಗೆ ತಿರುಗಿಸಿದ್ದೆ. ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಾಟಕ ನಾನೂ ನೋಡಿದೆ, ಆ ಸಾಲು ಕೇಳಲಿಲ್ಲ. ಪ್ರತಿ ಮಾಡಿದವರು ನಿಮ್ಮಕ್ಕನಂತೆ. ಇದು ಅವರು ಕಂಡದ್ದೋ? ಹಾಗಿದ್ದರೆ ಹೇಳಿ, ಅವರ ಹತ್ತಿರ ನನಗೆ ಮಾತಾಡುವುದಿದೆ."

ತಟ್ಟಿಯ ಹಿಂದೆ ಬಳೆಗಳ ಸದ್ದು ನಿಂತಿತು. ಮುಂದಿನ ಸಾಲಿನಲ್ಲಿದ್ದ ಭಾವ ತಲೆಯೆತ್ತಿ ನೋಡಿದರು. ಹೌದು ಎಂಬ ಎರಡಕ್ಷರ ಹೇಳಬೇಕಿತ್ತು, ಅಷ್ಟೇ. ಪದಕ ಮೇಜಿನ ಮೇಲಿತ್ತು...

"ಇಲ್ಲ ಸ್ವಾಮಿ, ನಾನೇ ಕಂಡದ್ದು. ಅಕ್ಕ ಅಕ್ಷರ ನೋಡಿ ಬರೀತಾಳೆ, ಅರ್ಥ ನೋಡಿ ಅಲ್ಲ," ಎಂದೆ.

ಸಭೆ ನಕ್ಕಿತು. ಭಾವನೂ ನಕ್ಕರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡರು. ನಾನು ಕಾದೆ — ತಟ್ಟಿಯ ಹಿಂದಿನಿಂದ ಒಂದು ದನಿ ಬಂದಿದ್ದರೆ ಸಾಕಿತ್ತು, ಅಲ್ಲೇ ಬಯಲಾಗುತ್ತಿದ್ದೆ. ಬರಲಿಲ್ಲ. ಅಂಥ ಮೌನ ಏಕೆಂದು ಆಗಷ್ಟೇ ಹತ್ತು ನಿಮಿಷ ವಿವರಿಸಿ ಕೂತವನು ನಾನೇ.

ಶಾಲೆಗೆ ಬೇರೆ ಊರಿನಿಂದ ಯಾರೋ ಬಂದರು. ಅಕ್ಕ ಒಂದು ದಿನವೂ ಆ ಮಾತೆತ್ತಲಿಲ್ಲ. ನಾನು ಹೋದರೆ ಕಾಫಿ ಕೊಡುತ್ತಾಳೆ, ಚಿಕ್ಕಮಗಳೂರಿನ ನನ್ನ ವಕೀಲಿಯ ವಿಷಯ ಕೇಳುತ್ತಾಳೆ. ನಾಟಕದ ವಿಷಯ ಮಾತ್ರ — ಇಲ್ಲ. ಎದುರಾಳಿಯ ವಾದದಲ್ಲಿ ಸಣ್ಣ ಬಿರುಕು ಕಂಡರೂ ಬಿಡದ ನಾನು, ನನ್ನ ಮೇಲಿನ ಈ ಮೊಕದ್ದಮೆಯನ್ನು ಆರು ವರ್ಷ ಮುಂದೂಡಿದೆ. ವಯಸ್ಸು ಚಿಕ್ಕದು, ತುಂಬಿದ ಸಭೆ, ಹೆದರಿಕೆ — ಎಲ್ಲ ಸಮಜಾಯಿಷಿಯನ್ನೂ ನಾನೇ ಹೂಡಿ ನಾನೇ ಮುರಿದಿದ್ದೇನೆ. ಒಂದೂ ನಿಲ್ಲಲಿಲ್ಲ.

ಈ ವರ್ಷವೂ ಅದೇ ನಾಟಕ. ಮೊನ್ನೆ ಅಕ್ಕನ ಮನೆಗೆ ಹೋದಾಗ ದಾಸಿಯ ಪಾತ್ರದ ಹಾಳೆ ಕಣ್ಣಿಗೆ ಬಿತ್ತು. ಆ ಸಾಲನ್ನು ಅಕ್ಕ ದುಂಡಗೆ ಬರೆದಿದ್ದಾಳೆ; ಭಾವ ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದಾರೆ. ಪ್ರತಿ ವರ್ಷವೂ ಹೊಸ ಹಾಳೆಗೆ ಬರೆಯುತ್ತಾಳಂತೆ. ಪ್ರತಿ ವರ್ಷವೂ ಹೊಡೆಯುತ್ತಾರಂತೆ.

ಬರುವ ಭಾನುವಾರ ಚರ್ಚಾಕೂಟ. ಅದೇ ಅಧ್ಯಕ್ಷರು, ಅದೇ ತಟ್ಟಿ. ಭಾವನೂ ಇರುತ್ತಾರೆ. ಈ ಬರಹವನ್ನು ಅಲ್ಲಿ ನಿಂತು, ಒಂದು ಸಾಲನ್ನೂ ಬಿಡದೆ, ಓದುತ್ತೇನೆ. ಅಕ್ಕನ ಕೈತಪ್ಪಿದ ಕೆಲಸ ಮರಳಿ ಬರುವುದಿಲ್ಲ. ಕ್ಷಮಿಸು ಎಂದು ಸಭೆಯಲ್ಲಿ ಕೇಳಿ ಅವಳನ್ನು ಉತ್ತರಕ್ಕೆ ಕಟ್ಟಿಹಾಕುವುದೂ ಇಲ್ಲ. ಓದಿ ಮುಗಿದ ಮೇಲೂ ತಟ್ಟಿಯ ಹಿಂದೆ ಮೌನವೇ ಇದ್ದರೆ — ಅದಕ್ಕೆ ಅರ್ಥ ಹೇಳಲು ಈ ಸಲ ನಾನು ಹೋಗುವುದಿಲ್ಲ.