ವಜೀರುನ್ನಿಸಾ ದುಂಡಗೆ ಮಾಡಿದ ತಲೆಗಳು

ಪೊಲೀಸರು ಒಮ್ಮೆ ಫೋನ್ ಇಸಿದುಕೊಂಡರೆ ಮರಳಿ ಯಾವಾಗ ಕೊಡುತ್ತಾರೋ! ವಾರದಿಂದ ನನಗೆ ಇದೇ ಚಿಂತೆ. ಮಗಳ ಮೊದಲ ನಗು, ಲಸಿಕೆಯ ತಾರೀಖು, ಅವಳ ಹೇಲಿನ ಬಣ್ಣ ನೋಡಿ ಗಾಬರಿಯಾಗಿ ಡಾಕ್ಟರಿಗೆ ಕಳಿಸಿದ ಫೋಟೋಗಳು, ಎಲ್ಲ ಅದರಲ್ಲೇ ಇವೆ. ಆ ಕೊನೆಯವನ್ನು ಸಬ್ ಇನ್ಸ್‌ಪೆಕ್ಟರ್ ನೋಡಿಬಿಟ್ಟರೆ?

ಈ ಚಿಂತೆ ತಂದವರು ವಜೀರುನ್ನಿಸಾ ಖಾಲಾ. ಜೇವರ್ಗಿಯ ನಮ್ಮ ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ, ತಲೆ ಒತ್ತಿ ದುಂಡಗೆ ಮಾಡಿ, ನೀರು ಹಾಕುವವರು. ಯಾವ ಕೂಸಿನ ಮೂಗು ತೀಡಿದರೂ "ತಹಶೀಲ್ದಾರ ಆಗ್ತದ ನೋಡ್ರಿ" ಅನ್ನುತ್ತಾರೆ. ಅವರ ಮಾತು ಫಲಿಸಿದ್ದರೆ ಊರ ತುಂಬ ತಹಶೀಲ್ದಾರರೇ ಆಗಿ, ಅರ್ಜಿ ಕೊಡಲು ಒಬ್ಬರೂ ಉಳಿಯುತ್ತಿರಲಿಲ್ಲ.

ಅಂಥ ತಹಶೀಲ್ದಾರರಲ್ಲೊಬ್ಬ ಮೊಬೈಲ್ ಅಂಗಡಿಯ ಗುರಣ್ಣ. ಅವನು ಓಣಿಯ ವಾಟ್ಸಾಪ್ ಗ್ರೂಪಿಗೆ ಖಾಲಾರ ಫೋಟೋ ಹಾಕಿ ಬರೆದ: ಈ ಜನ ಎಣ್ಣೆಯಲ್ಲಿ ಮದ್ದು ಬೆರೆಸಿ ನಮ್ಮ ಮಕ್ಕಳಿಗೆ ಮುಂದೆ ಸಂತಾನವಾಗದಂತೆ ಮಾಡುತ್ತಾರೆ, ಒಬ್ಬರನ್ನೂ ಹೊಸ್ತಿಲು ದಾಟಿಸಬೇಡಿ. ಅದನ್ನು ಖಾಲಾಗೆ ತೋರಿಸಿದವಳು ನಾನು.

ಅವರು ಫೋನನ್ನು ದೂರ ಹಿಡಿದು ನೋಡಿದರು. "ಚಲೋ ಫೋಟೋ ಸಿಗಲಿಲ್ಲೇನ್ ಬೇ ಅವಂಗ? ಮುದುಕಿ ಹಂಗ ಕಾಣಾಕತ್ತೇನಿ." ಆಮೇಲೆ ಅಂದರು, "ಅವನ ತಲಿ ದುಂಡಗ ಮಾಡಿದಾಕಿ ನಾನೇ, ಬೇಟಿ. ಒಳಗೇನು ತುಂಬಿಕೊಂಡಾನ, ಅದಕ್ಕ ನಾ ಜವಾಬ್ದಾರ ಅಲ್ಲ."

ಅಂದವರೇ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಮರುದಿನ ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ವರದಿ ಒಪ್ಪಿಸಿದರು. ಗುರಣ್ಣ ತಾನು ಬರೆದೇ ಇಲ್ಲ ಅನ್ನುತ್ತಿದ್ದಾನೆ. ಗ್ರೂಪಿನಲ್ಲಿರುವ ಯಾರಾದರೂ ತಮ್ಮ ಫೋನ್ ತಂದು ಸಾಕ್ಷಿ ಹೇಳದಿದ್ದರೆ ಕೇಸು ನಿಲ್ಲುವುದಿಲ್ಲವಂತೆ.

"ಯಾರ ಫೋನಲ್ಲಿ ನೋಡಿದ್ರಿ ಅಂತ ಕೇಳಲಿಲ್ವಾ ಖಾಲಾ?"

"ಕೇಳಿದ್ರು. ವಯಸ್ಸಾಗೇದ ಸಾಹೇಬ್ರ, ಯಾದ್ ಇಲ್ಲ ಅಂದೆ." ನನ್ನ ಮುಖ ನೋಡಿ ನಕ್ಕರು. "ಹೆಸರು ಹೇಳಿದ್ರ ನೀ ಹೆದರಿ ಹಾಲು ಬತ್ತಿಸ್ಕೋತಿ. ಕೂಸು ಯಾಕ ಉಪಾಸ ಬೀಳಬೇಕು?"

ಇವತ್ತು ಬೆಳಿಗ್ಗೆ ಎದುರು ಮನೆಯ ಭಾಗಮ್ಮನವರ ಮೊಮ್ಮಗನಿಗೆ ನೀರು ಹಾಕಬೇಕಿತ್ತು. ಹೆರಿಗೆಗೆ ಮೊದಲೇ ಖಾಲಾಗೆ ಹೇಳಿಟ್ಟಿದ್ದ ಕೆಲಸ. ಅವರು ಎಣ್ಣೆ ಬಟ್ಟಲು ಹಿಡಿದು ಹೋದಾಗ ಭಾಗಮ್ಮ ಬಾಗಿಲು ಅರ್ಧವೇ ತೆರೆದರು.

"ಕೂಸಿಗಿ ನೆಗಡಿ ಆಗೇದ ವಜೀರಾ. ಹೇಳಿ ಕಳಸ್ತೇವಿ."

ಒಳಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು, ಕೂಸಿನ ಚೀರಾಟ ನನ್ನ ಕಿಟಕಿಗೂ ಕೇಳುತ್ತಿತ್ತು.

"ಹೌದೇನ್ ಯಕ್ಕಾ? ನೆಗಡಿ ಕೂಸಿನ ಗಂಟಲು ಭಾಳ ಜೋರ್ ಅದ," ಅಂದರು ಖಾಲಾ.

ಭಾಗಮ್ಮ ಬಾಗಿಲು ಮುಚ್ಚಿದರು. ಖಾಲಾ ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡು, ನಮ್ಮ ಮನೆಯ ಕಡೆ ನೋಡದೆ ನಡೆದುಬಿಟ್ಟರು.

ನಾನು ಠಾಣೆಯ ನಂಬರ್ ಒತ್ತಿದೆ. ಒಮ್ಮೆ ಹೆದರಿ ಕಟ್ ಮಾಡಿ, ಮತ್ತೆ ಒತ್ತಿದೆ. ಆ ಮೆಸೇಜು ನನ್ನ ಫೋನಿನಲ್ಲಿದೆ, ತರುತ್ತೇನೆ ಎಂದೆ.

"ತರ್ರಿ. ಆದ್ರ ಅವಂಗ ನಿಮ್ಮ ಹೆಸರು ಗೊತ್ತಾಗ್ತದ ನೋಡ್ರಿ, ಮೇಡಂ," ಅಂದ ಕಾನ್‌ಸ್ಟೇಬಲ್.

"ಗೊತ್ತಾಗಲಿ. ಬರೆದುಕೊಳ್ಳಿ. ಶೈಲಶ್ರೀ."